ಮೂರನೇ ಸಿಲಿಂಡರಿನ ಬಿಸಿ: ದಾವಣಗೆರೆಯ ಒಂದು ಬೀಟಲ್ ಕಾರಿನ ಪ್ರಕರಣ

ಕಾರು 1967ರ ಫೋಕ್ಸ್‌ವ್ಯಾಗನ್ ಬೀಟಲ್. ಎಂಜಿನ್ 1493 ಸಿಸಿ, 44 ಅಶ್ವಶಕ್ತಿ, ನಾಲ್ಕು ಸಿಲಿಂಡರ್, ಒಂದೇ ಸೋಲೆಕ್ಸ್ ಕಾರ್ಬ್ಯುರೇಟರ್. ಮಾಲೀಕರು ದಾವಣಗೆರೆಯ ಮೆಕ್ಕೆಜೋಳದ ವ್ಯಾಪಾರಿ. ಬೆಂಗಳೂರಿನಲ್ಲಿ ಕೊಂಡು ತಂದ ಕಾರನ್ನು ಗೋದಾಮಿನ ಮೂಲೆಯಲ್ಲಿ ಕೆಲವು ಮಳೆಗಾಲ ನಿಲ್ಲಿಸಿ, ಆಮೇಲೆ ಬಣ್ಣ ಹೊಡೆಸಿ, ಸೀಟು ಹೊಲಿಸಿ ರಸ್ತೆಗಿಳಿಸಿದ್ದರು. ಅವರ ದೂರು ಹೀಗಿತ್ತು: ಊರೊಳಗೆ ಓಡಿಸಿದರೆ ಏನೂ ತಕರಾರಿಲ್ಲ. ಚಿತ್ರದುರ್ಗದ ಕಡೆ ಹೆದ್ದಾರಿ ಹಿಡಿದರೆ ಆನಗೋಡು ದಾಟುವಷ್ಟರಲ್ಲಿ ಹಿಂದಿನಿಂದ ಸುಟ್ಟ ಎಣ್ಣೆಯ ವಾಸನೆ ಬರುತ್ತದೆ, ಭರಮಸಾಗರದ ಹೊತ್ತಿಗೆ ಎಳೆತ ಕುಗ್ಗುತ್ತದೆ, ಚಹಾಕ್ಕೆಂದು ನಿಲ್ಲಿಸಿದರೆ ಐಡ್ಲಿಂಗಿನಲ್ಲಿ ಆಯಿಲ್ ದೀಪ ಮಿಣುಕುತ್ತದೆ. ಇದರ ಜತೆಗೆ ಮೇಸ್ತ್ರಿ ಇನ್ನೊಂದು ಸಂಗತಿ ಸೇರಿಸಿದರು. ಪ್ರತಿ ಸಲ ಟ್ಯಾಪೆಟ್ ಗ್ಯಾಪು (ವಾಲ್ವಿನ ಕಾಂಡಕ್ಕೂ ಅದನ್ನು ಒತ್ತಿ ತೆರೆಯುವ ತೋಳಿಗೂ ನಡುವಿನ ಸಣ್ಣ ಸಂದು) ನೋಡಿದಾಗ ಮೂರನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವಿನದು ಮಾತ್ರ ಮುಚ್ಚಿಕೊಂಡಿರುತ್ತಿತ್ತು.

ಮಾಲೀಕರಿಗೆ ದೀಪ ಚಿಂತೆಯಾಗಿತ್ತು. ನನಗೆ ಗ್ಯಾಪು.

ಯಾಕೆಂದರೆ ಟ್ಯಾಪೆಟ್ ಗ್ಯಾಪು ಸವೆತದಿಂದ ದೊಡ್ಡದಾಗುವುದು ವಾಡಿಕೆ. ಅದು ಚಿಕ್ಕದಾಗುತ್ತಾ ಹೋಗುತ್ತಿದೆ ಎಂದರೆ ವಾಲ್ವು ತನ್ನ ಸೀಟಿನೊಳಗೆ ಇಳಿಯುತ್ತಿದೆ, ಇಲ್ಲವೇ ಅತಿಯಾದ ಬಿಸಿಗೆ ವಾಲ್ವಿನ ಕಾಂಡವೇ ಉದ್ದವಾಗುತ್ತಿದೆ. ಗ್ಯಾಪು ಪೂರ್ತಿ ಮುಚ್ಚಿದರೆ ವಾಲ್ವು ಸೀಟಿನ ಮೇಲೆ ಸರಿಯಾಗಿ ಕೂರುವುದಿಲ್ಲ. ಎಕ್ಸಾಸ್ಟ್ ವಾಲ್ವು ತನ್ನ ಬಿಸಿಯನ್ನು ಹೆಡ್ಡಿಗೆ ದಾಟಿಸುವುದು ಬಹುಮಟ್ಟಿಗೆ ಹಾಗೆ ಕೂತ ಕ್ಷಣಗಳಲ್ಲಿಯೇ. ಅದೂ ತಪ್ಪಿದರೆ ಬಿಸಿ ಇನ್ನಷ್ಟು ಏರಿ, ಒಂದು ದಿನ ವಾಲ್ವಿನ ತಲೆ ಕಳಚಿ ಪಿಸ್ಟನ್ನನ್ನು ಒಡೆಯುತ್ತದೆ. ಬೀಟಲ್ ಬಳಗದಲ್ಲಿ ‘ಮೂರನೇ ಸಿಲಿಂಡರ್ ಹೋಯಿತು’ ಎಂಬ ಮಾತು ದೇಶ ದೇಶಗಳಲ್ಲಿ ಹಳೆಯದು. ಅದಕ್ಕೆ ಕಾರಣ ಎಂಜಿನ್ನಿನ ರಚನೆಯಲ್ಲೇ ಇದೆ.

ಈ ಎಂಜಿನ್ನಿನಲ್ಲಿ ರೇಡಿಯೇಟರ್ ಇಲ್ಲ, ನೀರಿಲ್ಲ. ಕಾರಿನ ಹಿಂಭಾಗದಲ್ಲಿ ಸಿಲಿಂಡರುಗಳು ಎರಡೆರಡಾಗಿ ಎಡಕ್ಕೂ ಬಲಕ್ಕೂ ಮಲಗಿವೆ. ಬಲಕ್ಕೆ ಒಂದು ಮತ್ತು ಎರಡು, ಎಡಕ್ಕೆ ಮೂರು ಮತ್ತು ನಾಲ್ಕು. ಮೇಲೆ ದೊಡ್ಡ ತಗಡಿನ ಕವಚ, ಅದರೊಳಗೆ ಫ್ಯಾನು. ಫ್ಯಾನು ಡೈನಮೊದ ಶಾಫ್ಟಿನ ತುದಿಗೇ ಕೂತಿದ್ದು ಒಂದೇ ಬೆಲ್ಟಿನಿಂದ ಎರಡೂ ತಿರುಗುತ್ತವೆ. ಹಾಗಾಗಿ ಬೀಟಲಿನಲ್ಲಿ ಚಾರ್ಜಿಂಗಿನ ಕೆಂಪು ದೀಪ ಹೊತ್ತಿದರೆ ‘ಮನೆ ಮುಟ್ಟಿ ನೋಡೋಣ’ ಅನ್ನುವಂತಿಲ್ಲ. ಬೆಲ್ಟು ಹರಿದಿದ್ದರೆ ತಂಪೂ ನಿಂತಿರುತ್ತದೆ. ಫ್ಯಾನು ನೂಕಿದ ಗಾಳಿ ಕವಚದೊಳಗೆ ಎರಡಾಗಿ ಕವಲೊಡೆದು ಎರಡೂ ಬದಿಯ ಹೆಡ್ಡು, ಸಿಲಿಂಡರುಗಳ ಫಿನ್ನುಗಳ ನಡುವೆ ನುಗ್ಗಿ, ಬಿಸಿಯಾಗಿ ಕಾರಿನ ಕೆಳಗೆ ಹೊರಬೀಳುತ್ತದೆ. ಎಡಬದಿಯ ಕವಲಿನಲ್ಲಿ, ಮೂರನೇ ಸಿಲಿಂಡರಿನ ದಾರಿಗೆ ಅಡ್ಡವಾಗಿ, ಆಯಿಲ್ ಕೂಲರ್ ನಿಂತಿದೆ. ಅಂದರೆ ಮೂರನೆಯದಕ್ಕೆ ಸಿಗುವ ಗಾಳಿಯೇ ಕಡಿಮೆ, ಸಿಕ್ಕಿದ್ದರಲ್ಲೂ ಒಂದು ಪಾಲು ಎಣ್ಣೆಯ ಬಿಸಿ ಹೊತ್ತು ಬಂದದ್ದು. ಕಂಪನಿಗೂ ಇದು ಗೊತ್ತಿತ್ತು. ಪ್ರತಿ ಸಿಲಿಂಡರಿಗೂ ಕಿಡಿ ಹಂಚುವ ಡಿಸ್ಟ್ರಿಬ್ಯೂಟರುಗಳಲ್ಲಿ, ಅಂದಿನ ಕೆಲವದರಲ್ಲಿ, ಮೂರನೇ ಸಿಲಿಂಡರಿನ ಕಿಡಿಯನ್ನು ಮಾತ್ರ ಕೆಲವು ಡಿಗ್ರಿ ತಡವಾಗಿ ಬರುವಂತೆ ಕ್ಯಾಮನ್ನೇ ಹಾಗೆ ಕಡೆದಿರುತ್ತಿದ್ದರು. 1971ರ ಮಾದರಿಯಿಂದ ಕೂಲರನ್ನು ಈ ದಾರಿಯಿಂದ ಸರಿಸಿ ಅದಕ್ಕೇ ಬೇರೆ ಗೂಡು ಕಟ್ಟಿ, ಫ್ಯಾನನ್ನೂ ಅಗಲ ಮಾಡಿದರು. ನಮ್ಮ ಕಾರು ಅದಕ್ಕಿಂತ ಹಿಂದಿನದು.

ಇನ್ನು ಫ್ಲ್ಯಾಪುಗಳು. ಹಳೆಯ ಬೀಟಲುಗಳಲ್ಲಿ ಫ್ಯಾನಿನ ಬಾಯಿಗೇ ಒಂದು ಬಳೆ ಇದ್ದು, ತಣ್ಣನೆಯ ಎಂಜಿನ್ ಬೇಗ ಬಿಸಿಯೇರಲೆಂದು ಅದು ಹಿಂದೆ ಮುಂದೆ ಸರಿದು ಒಳಬರುವ ಗಾಳಿಯನ್ನು ತಡೆಯುತ್ತಿತ್ತು. 1965ರ ಮಾದರಿಯಿಂದ ಅದನ್ನು ಬಿಟ್ಟು, ಕವಚದ ಕೆಳಬಾಯಿಯಲ್ಲಿ ಎರಡೂ ಬದಿಗೆ ತಗಡಿನ ಫ್ಲ್ಯಾಪುಗಳನ್ನಿಟ್ಟರು. ಒಂದು ಅಡ್ಡ ಕಂಬಿ ಎರಡೂ ಬದಿಯವನ್ನು ಜೋಡಿಸುತ್ತದೆ, ಒಂದು ಸ್ಪ್ರಿಂಗು ಅವನ್ನು ಸದಾ ತೆರೆಯುವ ಕಡೆಗೆ ಎಳೆಯುತ್ತಿರುತ್ತದೆ. ಅವನ್ನು ಮುಚ್ಚುವ ಕೆಲಸ ಥರ್ಮೋಸ್ಟಾಟಿನದು. ಅದು ಎಂಜಿನ್ನಿನ ಅಡಿಯಲ್ಲಿ, ಬಲಬದಿಯ ಸಿಲಿಂಡರುಗಳ ಕೆಳಗೆ, ಬಿಸಿ ಗಾಳಿ ಹೊರಬೀಳುವ ಜಾಗದಲ್ಲಿ ಒಂದು ಬ್ರಾಕೆಟ್ಟಿಗೆ ಕೂತಿರುತ್ತದೆ. ಹಾರ್ಮೋನಿಯಂ ತಿದಿಯಂತೆ ಮಡಿಕೆ ಮಡಿಕೆಯಾದ ಪುಟ್ಟ ಹಿತ್ತಾಳೆ ಡಬ್ಬಿ ಅದು, ಒಳಗೆ ಬೇಗ ಆವಿಯಾಗುವ ದ್ರವ. ತಣ್ಣಗಿದ್ದಾಗ ಡಬ್ಬಿ ಕುಗ್ಗಿ, ಬಲಬದಿಯ ಸಿಲಿಂಡರುಗಳ ನಡುವೆ ಹಾದು ಮೇಲೆ ಹೋಗುವ ತೆಳು ರಾಡನ್ನು ಕೆಳಗೆಳೆದು ಫ್ಲ್ಯಾಪುಗಳನ್ನು ಮುಚ್ಚುತ್ತದೆ. ಸುತ್ತಲಿನ ಗಾಳಿ 65–70 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಹಿಗ್ಗಿ ರಾಡನ್ನು ಮೇಲೆ ನೂಕುತ್ತದೆ, ಫ್ಲ್ಯಾಪು ತೆರೆಯುತ್ತವೆ. ಡಬ್ಬಿ ಎಲ್ಲಾದರೂ ಬಿರುಕು ಬಿಟ್ಟು ಒಳಗಿನ ನಿರ್ವಾತ ಹೋದರೆ ಅದು ಹಿಗ್ಗಿಕೊಂಡೇ ಉಳಿಯುತ್ತದೆ. ಆಗ ಫ್ಲ್ಯಾಪು ತೆರೆದೇ ಇರುತ್ತವೆ. ಎಂಜಿನ್ ಬಿಸಿಯೇರಲು ತಡವಾಗಬಹುದು, ಸುಟ್ಟುಹೋಗುವುದಿಲ್ಲ. ಕೆಟ್ಟರೂ ಕೇಡಿಲ್ಲದ ಕಡೆಗೇ ಕೆಡುವ ಇಂಥ ಭಾಗವನ್ನು ಕಂಡರೆ ನನಗೆ ಮೊದಲಿನಿಂದಲೂ ಗೌರವ.

ಪರೀಕ್ಷೆ ಶುರುವಾದದ್ದು ಪಿ.ಬಿ. ರಸ್ತೆಯ ಒಳಗಲ್ಲಿಯ ಗ್ಯಾರೇಜಿನಲ್ಲಿ. ಮೇಸ್ತ್ರಿ ಬಜಾಜ್ ಚೇತಕ್, ಆಟೋ, ಅಂಬಾಸಡರುಗಳಲ್ಲಿ ಪಳಗಿದ ಕೈ. ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು, ಸುಮಾರು 15 ಮಿಲಿಮೀಟರ್ ಬಾಗಿತು, ಸರಿಯಿದೆ. ಟೈಮಿಂಗ್ ಲೈಟ್ ಹಿಡಿದರೆ ಕಿಡಿ ಬರುವುದು 7.5 ಡಿಗ್ರಿ ಮುಂಚಿತ, ಪುಸ್ತಕದಲ್ಲಿ ಇರುವಷ್ಟೇ. ಎಣ್ಣೆ ಎರಡೂವರೆ ಲೀಟರ್ ಅಳತೆಗೆ ಸರಿಯಾಗಿತ್ತು.

ಆಮೇಲೆ ಎಲ್ಲರ ಬೆರಳೂ ಪೆಟ್ರೋಲಿನತ್ತ ತಿರುಗಿತು. ಈಗ ಬಂಕಿನಲ್ಲಿ ಸಿಗುವುದು ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಬೆರೆತದ್ದು. ಎಥೆನಾಲಿನಲ್ಲಿ ಆಮ್ಲಜನಕ ಮೊದಲೇ ಇರುವುದರಿಂದ, ಹಳೆಯ ಜೆಟ್ಟಿನ (ಪೆಟ್ರೋಲ್ ಅಳೆದು ಬಿಡುವ ತೂತಿನ) ಕಾರ್ಬ್ಯುರೇಟರಿನಲ್ಲಿ ಮಿಶ್ರಣ ಬಡವಾಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಇಂಧನ ಇರುವುದಿಲ್ಲ. ಹಾಗೆ ಬಡವಾದ ಮಿಶ್ರಣ ಹೆಡ್ಡನ್ನು ಬಿಸಿ ಮಾಡುವುದೂ ನಿಜ. ಮಾಲೀಕರು ಆಗಲೇ ತೀರ್ಪು ಕೊಟ್ಟಾಗಿತ್ತು: “ಎಲ್ಲಾ ಈ ಎಥೆನಾಲಿಂದ್ರಿ. ಇದು ಬಂದ ಮ್ಯಾಲೆ ಹಳೆ ಗಾಡಿ ಉಳಿಯಂಗಿಲ್ಲ.”

ತಪ್ಪು ಊಹೆಯೇನಲ್ಲ. ಆದರೆ ಅದನ್ನು ಪರೀಕ್ಷಿಸುವುದು ಸುಲಭ. ಒಂದೇ ಕಾರ್ಬ್ಯುರೇಟರು ನಾಲ್ಕಕ್ಕೂ ಉಣಿಸುತ್ತದೆ. ಪೆಟ್ರೋಲಿನದೇ ತಪ್ಪಾದರೆ ನಾಲ್ಕು ಪ್ಲಗ್ಗುಗಳೂ ಬೆಳ್ಳಗಾಗಬೇಕು. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿಸಿ, ಕ್ಲಚ್ ಒತ್ತಿ ಅಲ್ಲೇ ಇಗ್ನಿಷನ್ ಆರಿಸಿ, ಬದಿಗೆ ನಿಲ್ಲಿಸಿ ಪ್ಲಗ್ಗು ಬಿಚ್ಚಿದೆವು. (ಐಡ್ಲಿಂಗಿನಲ್ಲಿ ಬಿಟ್ಟು ಆಮೇಲೆ ಬಿಚ್ಚಿದ ಪ್ಲಗ್ಗು ಐಡ್ಲಿಂಗಿನ ಕಥೆಯನ್ನಷ್ಟೇ ಹೇಳುತ್ತದೆ.) ಒಂದು ಮತ್ತು ಎರಡು ತಿಳಿಗಂದು, ನಾಲ್ಕು ಸ್ವಲ್ಪ ಬಿಳುಚು, ಮೂರು ಸುಣ್ಣದಷ್ಟು ಬಿಳಿ, ಅಂಚಿನಲ್ಲಿ ಅಲ್ಯೂಮಿನಿಯಂ ಕರಗಿದ ಸಣ್ಣ ಸಣ್ಣ ಚುಕ್ಕಿ. ಎಥೆನಾಲ್ ಕಾರ್ಬ್ಯುರೇಟರಿಗೆ ಬಂದ ಮೇಲೆ ಎಡಕ್ಕೆ ಮಾತ್ರ ಹೋಗಲಾರದು. ಎಡಗಡೆಯ ಇನ್‌ಟೇಕ್ ಮ್ಯಾನಿಫೋಲ್ಡ್ ಗಾಳಿ ಎಳೆಯುತ್ತಿದ್ದರೆ ಆ ಬದಿ ಮಾತ್ರ ಬಡವಾಗಬಹುದಿತ್ತು. ಜಾಯಿಂಟಿನ ಸುತ್ತ ಕಾರ್ಬ್ ಕ್ಲೀನರ್ ಸಿಂಪಡಿಸಿ ನೋಡಿದೆವು, ಐಡ್ಲಿಂಗ್ ಅಲ್ಲಾಡಲಿಲ್ಲ. ಅಂದರೆ ಅಲ್ಲಿ ಸೋರಿಕೆಯಿಲ್ಲ.

ಉಳಿದದ್ದು ಗಾಳಿ. ಮೂರನೆಯದು ಹುಟ್ಟಿನಿಂದಲೇ ತುಸು ಬಿಸಿ ಎಂಬ ಸಮಾಧಾನ ಇಲ್ಲಿ ಸಾಲದು. ಇದೇ ರಚನೆಯ ಲಕ್ಷಾಂತರ ಎಂಜಿನ್ನುಗಳು ಹೀಗೆ ಅಲ್ಯೂಮಿನಿಯಂ ಉಗುಳದೆ ಓಡಿವೆ. ನಾಲ್ಕನೆಯದೂ ಬಿಳುಚಿದ್ದರಿಂದ ಎಡಗಡೆಯ ಕವಲೇ ಕಟ್ಟಿಕೊಂಡಿರಬೇಕು ಅನ್ನಿಸಿತು. ಎಂಜಿನ್ ಇಳಿಸುವ ಮೊದಲು ಒಂದು ಉಪಾಯವಿತ್ತು. ಕವಚದ ಎರಡೂ ಬದಿಗೆ ಹೀಟರಿನ ಹೋಸುಗಳ ಕೊಳವೆ ಇರುತ್ತವೆ. ಹೋಸು ಕಳಚಿ, ಮೊಬೈಲಿಗೆ ಜೋಡಿಸುವ ವಯರ್ ಕ್ಯಾಮೆರಾವನ್ನು ಆ ತೂತಿನಲ್ಲಿ ಇಳಿಸಿದೆವು. ಬಲಗಡೆ ಫ್ಲ್ಯಾಪು ತೆರೆದಿತ್ತು. ಎಡಗಡೆ ಅರ್ಧಕ್ಕಿಂತ ಹೆಚ್ಚು ಮುಚ್ಚಿ, ತುಕ್ಕು ಹಿಡಿದು ನಿಂತಿತ್ತು.

ಮೇಸ್ತ್ರಿ ಕಾರಿನಡಿ ಮಲಗಿ ಬಲಬದಿಯ ಸಿಲಿಂಡರುಗಳ ಕೆಳಗೆ ಕೈಯಾಡಿಸಿ ಕೂಗಿದರು, “ಥರ್ಮೋಸ್ಟಾಟೇ ಇಲ್ರಿ. ಬ್ರಾಕೆಟ್ಟಷ್ಟೇ ಐತಿ.”

ಎಂಜಿನ್ ಇಳಿಸಿದೆವು. ಬೀಟಲಿನಲ್ಲಿ ಇದು ಹೆದರುವ ಕೆಲಸವಲ್ಲ. ನಾಲ್ಕು ಬೋಲ್ಟು, ಪೆಟ್ರೋಲ್ ಪೈಪು, ಆಕ್ಸಿಲರೇಟರ್ ಕೇಬಲ್, ಹೀಟರ್ ಕೇಬಲ್, ಒಂದಿಷ್ಟು ವಯರು. ಸುಮಾರು 110 ಕಿಲೋ ತೂಕದ ಎಂಜಿನ್ ಜಾಕಿನ ಮೇಲೆ ಕೂತು ಹಿಂದಕ್ಕೆ ಸರಿದು ಬಂತು. ಕವಚ ಬಿಚ್ಚಿದ ಮೇಲೆ ಹಿಂದೆ ನಡೆದದ್ದನ್ನು ಓದಬಹುದಿತ್ತು. ಯಾವ ಕಾಲದಲ್ಲೋ, ಯಾರೋ ಥರ್ಮೋಸ್ಟಾಟನ್ನೂ ರಾಡನ್ನೂ ತೆಗೆದಿದ್ದರು. ಬಿಸಿಲಿನ ದೇಶಗಳಲ್ಲಿ ಹಾಗೆ ಮಾಡುವವರು ಬಹಳ. ಆದರೆ ಫ್ಲ್ಯಾಪುಗಳನ್ನು ಕವಚದಲ್ಲೇ ಬಿಟ್ಟಿದ್ದರು. ಸ್ಪ್ರಿಂಗು ಎಳೆದಿಡುತ್ತದಲ್ಲ ಎಂಬ ಲೆಕ್ಕವಿರಬೇಕು. ಸ್ಪ್ರಿಂಗು ಬಲಗಡೆಯನ್ನು ಎಳೆದಿಟ್ಟಿತ್ತು. ನಡುವಿನ ಅಡ್ಡ ಕಂಬಿಯ ಕೊಂಡಿ ಮಾತ್ರ ಎಡತುದಿಯಲ್ಲಿ ಕಳಚಿತ್ತು. ಬಹುಶಃ ಹಿಂದೊಮ್ಮೆ ಕವಚ ಕೂರಿಸುವಾಗ ಬಾಗಿ ತಪ್ಪಿದ್ದು. ಆಸರೆ ಕಳೆದುಕೊಂಡ ಎಡಗಡೆಯ ಫ್ಲ್ಯಾಪು ಗೋದಾಮಿನ ಮಳೆಗಾಲಗಳಲ್ಲಿ ತುಕ್ಕು ಹಿಡಿದು, ಬಿದ್ದ ಜಾಗದಲ್ಲೇ ಕಚ್ಚಿಕೊಂಡಿತ್ತು. ಆಯಿಲ್ ಕೂಲರಿನ ಫಿನ್ನುಗಳ ಮೇಲೆ ಎಣ್ಣೆಗೆ ಮೆತ್ತಿದ ಮೆಕ್ಕೆಜೋಳದ ಧೂಳು ಬೇರೆ. ಎಂಜಿನ್ನಿನ ಸುತ್ತ ಇರಬೇಕಾದ ರಬ್ಬರ್ ಸೀಲು ಅರ್ಧ ಇರಲಿಲ್ಲ. ಆ ಸಂದಿನಿಂದ ಕೆಳಗಿನ ಬಿಸಿಗಾಳಿ ಮೇಲೆ ಬಂದು ಮತ್ತೆ ಫ್ಯಾನಿನ ಬಾಯಿ ಸೇರುತ್ತಿತ್ತು.

ಎಡಬದಿಗೆ ಮೊದಲೇ ಕೂಲರಿನ ಭಾರ, ಅದರ ಮೇಲೆ ಮುಚ್ಚಿದ ಫ್ಲ್ಯಾಪು. ಊರೊಳಗೆ ಹತ್ತು ನಿಮಿಷ ಓಡಿಸಿದರೆ ಗೊತ್ತಾಗುವಷ್ಟು ಬಿಸಿ ಹುಟ್ಟುತ್ತಲೇ ಇರಲಿಲ್ಲ. ಹೆದ್ದಾರಿಯಲ್ಲಿ ಎಡೆಬಿಡದೆ ಎಳೆಯುವಾಗ ಕೂಲರಿನಲ್ಲಿ ಎಣ್ಣೆ ತಣಿಯದೆ ತೆಳ್ಳಗಾಗಿ, ಐಡ್ಲಿಂಗಿನಲ್ಲಿ ಒತ್ತಡ ಬಿದ್ದು ದೀಪ ಮಿಣುಕುತ್ತಿತ್ತು. ವಾಲ್ವು ಉದ್ದವಾಗುತ್ತಿದ್ದದ್ದೂ ಅಲ್ಲೇ.

ಈಗ ಏನು ಮಾಡುವುದು? ಈ ಪ್ರಕರಣದಲ್ಲಿ ವಾದ ನಡೆದದ್ದು ಇದರ ಮೇಲೆ.

ಮೇಸ್ತ್ರಿಯ ಮಾತು ನೇರ: “ಫ್ಲ್ಯಾಪ್ ಕಿತ್ತು ಹಾಕ್ರಿ ಯಜಮಾನ್ರ. ಆಟೋಕ್ಕ ಎಲ್ಲೈತ್ರಿ ಇಂಥಾ ಬಾಗ್ಲು? ಚೇತಕ್ಕಿಗೆ ಎಲ್ಲೈತಿ? ಫ್ಯಾನ್ ತಿರುಗ್ತತಿ, ಗಾಳಿ ಹೊಡೀತತಿ, ಮುಗೀತು. ನಮ್ಮೂರ ಬಿಸಿಲಿಗೆ ಇದು ಬ್ಯಾಡ.” ಮಾಲೀಕರೂ ತಲೆಯಾಡಿಸಿದರು. ಏಪ್ರಿಲಿನಲ್ಲಿ 38 ಡಿಗ್ರಿ ದಾಟುವ ಊರಿನಲ್ಲಿ ಎಂಜಿನ್ ಬೆಚ್ಚಗೆ ಮಾಡುವ ಸಾಮಾನು ಯಾಕೆಂಬುದು ಅವರ ಪ್ರಶ್ನೆ.

ಮೇಸ್ತ್ರಿ ಹೇಳಿದ ಉದಾಹರಣೆ ಸುಳ್ಳಲ್ಲ. ಆಟೋ, ಚೇತಕ್ ಎರಡೂ ಫ್ಯಾನಿನ ಗಾಳಿಯಿಂದಲೇ ತಣಿಯುತ್ತವೆ, ಅವಕ್ಕೆ ಥರ್ಮೋಸ್ಟಾಟ್ ಇಲ್ಲ. ಆದರೆ ಅವು ಒಂದೇ ಪುಟ್ಟ ಸಿಲಿಂಡರಿನವು, ಬಿಸಿಯೇರಲು ಹೆಚ್ಚು ಹೊತ್ತು ಬೇಡ. ಬೀಟಲಿನದು ಮೆಗ್ನೀಷಿಯಂ ಮಿಶ್ರಲೋಹದ ಕ್ರ್ಯಾಂಕ್‌ಕೇಸು, ಎರಕದ ಕಬ್ಬಿಣದ ಸಿಲಿಂಡರು, ಅಲ್ಯೂಮಿನಿಯಂ ಪಿಸ್ಟನ್ನು, ಅಲ್ಯೂಮಿನಿಯಂ ಹೆಡ್ಡು. ಬಿಸಿಗೆ ಒಂದೊಂದೂ ಒಂದೊಂದು ಅಳತೆಯಲ್ಲಿ ಹಿಗ್ಗುತ್ತವೆ. ಇವುಗಳ ನಡುವಿನ ಸಂದುಗಳು ಲೆಕ್ಕಕ್ಕೆ ಬರುವುದು ಎಂಜಿನ್ ಪೂರ್ತಿ ಬಿಸಿಯಾದ ಮೇಲೆಯೇ. ತಣ್ಣನೆಯ ಎಂಜಿನ್ನಿಗೆ ಫ್ಯಾನು ಮೊದಲ ಕ್ಷಣದಿಂದಲೇ ಪೂರಾ ಗಾಳಿ ಬಡಿದರೆ ಆ ಸ್ಥಿತಿ ಮುಟ್ಟಲು ತಡವಾಗುತ್ತದೆ. ಅಷ್ಟು ಹೊತ್ತೂ ಪೆಟ್ರೋಲ್ ಸರಿಯಾಗಿ ಆವಿಯಾಗದೆ ಸಿಲಿಂಡರ್ ಗೋಡೆಯ ಎಣ್ಣೆಯನ್ನು ತೊಳೆದು ಕೆಳಗಿನ ಎಣ್ಣೆಗೆ ಸೇರುತ್ತದೆ, ತೇವವೂ ಅದರಲ್ಲೇ ಉಳಿಯುತ್ತದೆ.

ಊರಿನ ಬಿಸಿಲಿನ ವಾದಕ್ಕೆ ಉತ್ತರ ಅಂಕಿಗಳಲ್ಲೇ ಇದೆ. ಥರ್ಮೋಸ್ಟಾಟು ತೆರೆಯುವುದು 65–70 ಡಿಗ್ರಿಗೆ. ಹೊರಗೆ 38 ಡಿಗ್ರಿಯಿದ್ದರೂ ಎಂಜಿನ್ನಿನ ಲೆಕ್ಕದಲ್ಲಿ ಅದು ತಣ್ಣನೆಯ ಗಾಳಿಯೇ. ಡಿಸೆಂಬರಿನ ಬೆಳಿಗ್ಗೆಗೂ ಏಪ್ರಿಲಿನ ಮಧ್ಯಾಹ್ನಕ್ಕೂ ಇರುವ ವ್ಯತ್ಯಾಸ ಮನುಷ್ಯರ ಮೈಗೆ ದೊಡ್ಡದು, ಈ ಎಂಜಿನ್ನಿಗೆ ಬಿಸಿಯೇರುವ ಅವಧಿ ಸ್ವಲ್ಪ ಹೆಚ್ಚು ಕಡಿಮೆಯಾಗುವಷ್ಟು ಮಾತ್ರ. ಇನ್ನೊಂದನ್ನೂ ನೋಡಬೇಕಿತ್ತು. ಈ ಕಾರು ಹೆಚ್ಚಾಗಿ ಓಡುವುದು ಭಾನುವಾರ ಬೆಳಿಗ್ಗೆ, ಮನೆಯಿಂದ ಬೆಣ್ಣೆದೋಸೆ ಹೋಟೆಲಿಗೆ, ಅಲ್ಲಿಂದ ಮನೆಗೆ. ಇಂಥ ಗಿಡ್ಡ ಓಡಾಟದ ಕಾರಿಗೇ ಬೇಗ ಬಿಸಿಯಾಗುವ ವ್ಯವಸ್ಥೆ ಹೆಚ್ಚು ಬೇಕು. ದಿನವೂ ಬೆಂಗಳೂರಿಗೆ ಹೋಗಿ ಬರುವ ಕಾರಾಗಿದ್ದರೆ ನಾನೂ ಇಷ್ಟು ಹಟ ಹಿಡಿಯುತ್ತಿರಲಿಲ್ಲ.

ಹಾಗೆಂದು ಫ್ಲ್ಯಾಪು ತೆಗೆದವರೆಲ್ಲ ಎಂಜಿನ್ ಹಾಳು ಮಾಡಿಕೊಂಡರು ಎನ್ನುವುದೂ ಅತಿ. ಕವಚದಿಂದ ಫ್ಲ್ಯಾಪು, ಕಂಬಿ, ಸ್ಪ್ರಿಂಗು ಎಲ್ಲವನ್ನೂ ಪೂರ್ತಿ ತೆಗೆದ ಕಾರು ಎಣ್ಣೆಯನ್ನು ಬೇಗ ಬೇಗ ಬದಲಾಯಿಸುತ್ತ ವರ್ಷಗಟ್ಟಲೆ ಓಡಬಹುದು. ಅತ್ತ ಎಲ್ಲ ಭಾಗವೂ ಇದ್ದು ಸರಿ ಹೊಂದಿಸಿದ ಕಾರೂ ಓಡುತ್ತದೆ. ಈ ಕಾರಿಗೆ ಕಂಟಕವಾದದ್ದು ನಡುವಿನ ದಾರಿ. ಫ್ಲ್ಯಾಪುಗಳನ್ನು ಉಳಿಸಿ, ಅವು ಎಲ್ಲಿವೆ ಎಂದು ತೋರಿಸುವ, ಆಡಿಸುವ ಭಾಗವನ್ನಷ್ಟೇ ತೆಗೆದದ್ದು. 

ಕೊನೆಗೆ ಮಾಲೀಕರು ಒಪ್ಪಿದ್ದು ನನ್ನ ವಾದ ಗೆದ್ದಿತೆಂದಲ್ಲ. ಕಾರು ಕಾರ್ಖಾನೆಯಿಂದ ಬಂದಂತೆಯೇ ಇರಬೇಕೆಂಬ ಆಸೆಗೆ. ಬೆಂಗಳೂರಿನ ಹಳೇ ಸಾಮಾನಿನವರ ಹತ್ತಿರ ಬಳಸಿದ ಮೂಲ ಹಿತ್ತಾಳೆ ಥರ್ಮೋಸ್ಟಾಟು ಸಿಕ್ಕಿತು. ಅದನ್ನು ನಂಬುವ ಮೊದಲು ಗ್ಯಾರೇಜಿನ ಚಹಾ ಪಾತ್ರೆಯಲ್ಲಿ ನೀರು ಕಾಯಿಸಿ, ಥರ್ಮಾಮೀಟರ್ ಇಟ್ಟು, ಡಬ್ಬಿಯನ್ನು ಮುಳುಗಿಸಿದೆವು. 65–70 ಡಿಗ್ರಿಯಲ್ಲಿ ಅದರ ಉದ್ದ ಕನಿಷ್ಠ 46 ಮಿಲಿಮೀಟರ್ ಆಗಬೇಕು. ವರ್ನಿಯರ್ ಹಿಡಿದಾಗ ಆಯಿತು. ತಣ್ಣೀರಿಗೆ ಹಾಕಿದರೆ ಕುಗ್ಗಿತು. ಈ ಎರಡನೆಯದೂ ಮುಖ್ಯ. ನಿರ್ವಾತ ಕಳೆದುಕೊಂಡ ಡಬ್ಬಿ ಬಿಸಿನೀರಿನ ಪರೀಕ್ಷೆಯಲ್ಲಿ ಪಾಸಾದಂತೆಯೇ ಕಾಣುತ್ತದೆ, ತಣ್ಣಗಾದಾಗ ಮಾತ್ರ ಸಿಕ್ಕಿಬೀಳುತ್ತದೆ.

ರಾಡನ್ನು ಹರಿಹರದ ಒಂದು ಲೇತ್ ಅಂಗಡಿಯಲ್ಲಿ ಮಾಡಿಸಿದೆವು. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಗಿ ಲೇತ್ ಯಂತ್ರಗಳನ್ನೇ ತಯಾರಿಸಿದ ಊರು ಅದು. ಕಾರ್ಖಾನೆ ಮುಚ್ಚಿದರೂ ಕೈಕಸುಬು ಉಳಿದಿದೆ. ಎಡಗಡೆಯ ಫ್ಲ್ಯಾಪನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ ಬಿಡಿಸಿ, ಬೆರಳಿನಿಂದ ತಟ್ಟಿದರೆ ಸಾಕು ತಿರುಗುವಂತೆ ಮಾಡಿದೆವು. ಕಂಬಿಯ ಕೊಂಡಿಗೆ ಹೊಸ ಲಾಕು, ಹೊಸ ಸ್ಪ್ರಿಂಗು, ಎಂಜಿನ್ ಸುತ್ತ ಹೊಸ ರಬ್ಬರ್ ಸೀಲು. ಕೂಲರನ್ನು ಹೊರಗಿನಿಂದ ತೊಳೆದದ್ದಲ್ಲದೆ ಒಳಗೂ ಸೀಮೆಎಣ್ಣೆ ಹಾಯಿಸಿದೆವು.

ಹೊಂದಿಸುವ ಕ್ರಮದಲ್ಲಿ ಒಂದು ಸೂಕ್ಷ್ಮವಿದೆ. ಬ್ರಾಕೆಟ್ಟಿನ ತೂತು ಉದ್ದವಾಗಿದ್ದು ಮೇಲೆ ಕೆಳಗೆ ಸರಿಯುತ್ತದೆ. ಥರ್ಮೋಸ್ಟಾಟು ಬಿಸಿಯಾಗಿ ಹಿಗ್ಗಿರುವಾಗ, ಫ್ಲ್ಯಾಪುಗಳು ಪೂರ್ತಿ ತೆರೆದಿರುವ ಸ್ಥಿತಿಯಲ್ಲಿ, ಡಬ್ಬಿಯ ತಲೆ ಬ್ರಾಕೆಟ್ಟಿನ ಮೇಲಂಚಿಗೆ ತಾಗುವಂತೆ ಇಟ್ಟು ನಟ್ಟು ಬಿಗಿಯಬೇಕು. ತಣ್ಣಗಿರುವಾಗ ಅಂದಾಜಿನಲ್ಲಿ ಬಿಗಿದರೆ ಬಿಸಿಯಾದ ಮೇಲೆ ಫ್ಲ್ಯಾಪು ಅರ್ಧಕ್ಕೇ ನಿಲ್ಲಬಹುದು. ಹಾಗಾದರೆ ಕೆಟ್ಟರೂ ಕೇಡಿಲ್ಲವೆಂಬ ಗುಣವನ್ನು ನಾವೇ ಕೈಯಾರೆ ಕೆಡಿಸಿದಂತೆ.

ಎಂಜಿನ್ ಕೂರಿಸಿದ ಮೇಲೆ ಮೇಸ್ತ್ರಿ ಮತ್ತೆ ಕಾರಿನಡಿ ಟಾರ್ಚು ಹಿಡಿದು ಮಲಗಿದರು. ಸ್ಟಾರ್ಟ್ ಮಾಡಿದಾಗ ಕೆಳಗೆ ನಿಂತಿದ್ದ ರಾಡು ಸ್ವಲ್ಪ ಹೊತ್ತಿನ ಮೇಲೆ ಮೇಲಕ್ಕೆ ಸರಿಯತೊಡಗಿತು. “ಎದ್ದತಿ ನೋಡ್ರಿ!” ಎಂದು ಕೂಗಿದರು. ಕಿತ್ತು ಹಾಕಬೇಕೆಂದಿದ್ದವರೇ ಆಮೇಲೆ ಗ್ಯಾರೇಜಿಗೆ ಬಂದವರನ್ನೆಲ್ಲ ಕರೆದು ಅದನ್ನು ತೋರಿಸಿದರು.

ಮಾರ್ಚಿನ ಮಧ್ಯಾಹ್ನ ಚಿತ್ರದುರ್ಗದವರೆಗೂ ಓಡಿಸಿದೆವು, ಸುಮಾರು 60 ಕಿಲೋಮೀಟರ್. ಎಣ್ಣೆಯ ವಾಸನೆ ಬರಲಿಲ್ಲ, ಕೋಟೆಯ ಹತ್ತಿರ ನಿಲ್ಲಿಸಿ ಐಡ್ಲಿಂಗಿನಲ್ಲಿ ಬಿಟ್ಟಾಗ ದೀಪವೂ ಹೊತ್ತಲಿಲ್ಲ. ಮೂರನೇ ಪ್ಲಗ್ಗು ಈಗ ತಿಳಿಗಂದು, ಉಳಿದವಕ್ಕಿಂತ ಒಂದು ಛಾಯೆ ಬಿಳುಪು. ಆ ಒಂದು ಛಾಯೆ ಕೂಲರ್ ಅಲ್ಲಿರುವವರೆಗೆ ಹೋಗುವುದಿಲ್ಲ. ಎಥೆನಾಲಿನ ಮೇಲಿನ ಆರೋಪವನ್ನೂ ಪೂರ್ತಿ ವಜಾ ಮಾಡಲಿಲ್ಲ. ಮೇನ್ ಜೆಟ್ಟನ್ನು ಒಂದು ಸೈಜು ದೊಡ್ಡದು ಹಾಕಿದ್ದೇವೆ, ಆದರೆ ಅದನ್ನು ಈ ಓಟದ ನಂತರವೇ ಬದಲಾಯಿಸಿದ್ದು. ಮೊದಲೇ ಬದಲಾಯಿಸಿದ್ದರೆ ಯಾವುದರಿಂದ ಏನಾಯಿತು ಎಂದು ಹೇಳುವಂತಿರಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಮ್ಮ ನಡುವೆ ಒಮ್ಮತ ಬರಲಿಲ್ಲ. ಎಂಜಿನ್ ಹೊರಗಿದ್ದಾಗಲೇ ಎಡಗಡೆಯ ಹೆಡ್ಡು ಬಿಚ್ಚಿ ಮೂರನೆಯದರ ಎಕ್ಸಾಸ್ಟ್ ವಾಲ್ವು ಬದಲಾಯಿಸಬೇಕೆಂದು ನಾನು ಹೇಳಿದ್ದೆ. ಒಮ್ಮೆ ಉದ್ದವಾದ ವಾಲ್ವು ತಣಿದ ಮೇಲೆ ತನ್ನ ಹಳೆಯ ಬಲಕ್ಕೆ ಮರಳುವುದಿಲ್ಲ. ಕಂಪ್ರೆಷನ್ ನಾಲ್ಕರಲ್ಲೂ ಹೆಚ್ಚುಕಡಿಮೆ ಸಮ ಬಂದದ್ದರಿಂದ ಮಾಲೀಕರು ಬೇಡವೆಂದರು, ಮೇಸ್ತ್ರಿಯೂ ಅವರ ಕಡೆಗೇ ನಿಂತರು. ಗ್ಯಾಪನ್ನು 0.15 ಮಿಲಿಮೀಟರಿಗೆ ಇಟ್ಟಿದ್ದೇವೆ. ಪುಸ್ತಕದ ಅವಧಿಗೆ ಕಾಯದೆ ಪ್ರತಿ 500 ಕಿಲೋಮೀಟರಿಗೊಮ್ಮೆ, ಎಂಜಿನ್ ರಾತ್ರಿಯಿಡೀ ತಣಿದ ಮೇಲೆ, ಆ ಒಂದು ವಾಲ್ವನ್ನು ಅಳೆಯಬೇಕೆಂದು ಒಪ್ಪಂದವಾಗಿದೆ. ಈವರೆಗೆ ಗ್ಯಾಪು ಕದಲಿಲ್ಲ. ಸಂದು ಅಳೆಯುವ ಫೀಲರ್ ಗೇಜಿನ ಅದೇ ತೆಳು ಎಲೆ ಮುಂದೆ ಎಂದಾದರೂ ಒಳಗೆ ಹೋಗಲು ಬಿಗಿಯಾದರೆ, ಅಂದೇ ಹೆಡ್ಡು ಬಿಚ್ಚುವುದಾಗಿ ಮಾಲೀಕರು ಒಪ್ಪಿದ್ದಾರೆ.